ಊರಿಗೆಲ್ಲ ಸುದ್ದಿ ಮುಟ್ಟಿಸುವವರು ಯಾರು?

ಹಾರ್ವರ್ಡ್ ವಿಶ್ವವಿದ್ಯಾಲಯದ ದತ್ತಾಂಶ ಭಂಡಾರದಲ್ಲಿ ಕರ್ನಾಟಕದ 75 ಹಳ್ಳಿಗಳಿವೆ. ಅವಕ್ಕೆ ಹೆಸರಿಲ್ಲ, ಹೋಬಳಿಯಿಲ್ಲ, ಬರೀ ಸಂಖ್ಯೆ. ಎಣಿಕೆ 1ರಿಂದ 77ರವರೆಗೆ ಹೋಗುತ್ತದೆ. ನಡುವೆ 13 ಮತ್ತು 22 ಇಲ್ಲ. ಯಾವುದಾದರೂ ಒಂದು ಹಳ್ಳಿಯ ಕಡತ ತೆರೆದರೆ ಕಾಣುವುದು ಸೊನ್ನೆ ಮತ್ತು ಒಂದು ತುಂಬಿದ ದೊಡ್ಡ ಚೌಕ. ಅಡ್ಡಸಾಲಿಗೆ ಒಂದು ಮನೆ, ಕಂಬಸಾಲಿಗೆ ಇನ್ನೊಂದು ಮನೆ. ಎರಡು ಮನೆಗೂ ಒಡನಾಟವಿದ್ದರೆ ಅವು ಕೂಡುವ ಜಾಗದಲ್ಲಿ 1, ಇಲ್ಲದಿದ್ದರೆ 0.

ನಾನು ಮಂಡ್ಯ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವಳು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಸ್ಸು ಹತ್ತಿ ಬರುವ ಮಕ್ಕಳು ನನ್ನ ತರಗತಿಯಲ್ಲಿ ಕೂತಿರುತ್ತಾರೆ. ಜಾಲಗಳಿಂದ ಕಂಪ್ಯೂಟರ್ ಹೇಗೆ ಕಲಿಯುತ್ತದೆ ಎಂಬ ಪಾಠಕ್ಕೆ ಜಗತ್ತಿನ ಪಠ್ಯಪುಸ್ತಕಗಳೆಲ್ಲ ಅಮೆರಿಕದ ಒಂದು ಕರಾಟೆ ಕ್ಲಬ್ಬಿನ ಉದಾಹರಣೆ ಕೊಡುತ್ತವೆ: 34 ಸದಸ್ಯರು, ಇಬ್ಬರು ಮುಖಂಡರ ಜಗಳ, ಕ್ಲಬ್ಬು ಎರಡು ಹೋಳು. 1977ರಲ್ಲಿ ವೇಯ್ನ್ ಝಾಕರಿ ಪ್ರಕಟಿಸಿದ ಆ ಅಧ್ಯಯನ ಒಳ್ಳೆಯದೇ. ಆದರೆ ನಾನು ಬೋರ್ಡಿನ ಮೇಲೆ ಹಾಕುವುದು ಈ ಹೆಸರಿಲ್ಲದ ಹಳ್ಳಿಗಳನ್ನು. ನಮ್ಮ ಮಕ್ಕಳಿಗೆ ಈ ಚೌಕದ ಹಿಂದಿನ ಬೀದಿ, ಜಗಲಿ, ನಲ್ಲಿಕಟ್ಟೆ ತಾವಾಗಿಯೇ ಕಾಣುತ್ತವೆ.

ಈ ಲೆಕ್ಕ ಶುರುವಾದದ್ದು 2006ರಲ್ಲಿ. ಭಾರತ ಸ್ವಮುಕ್ತಿ ಸಂಸ್ಥೆ ಎಂಬ ಕಿರುಸಾಲ ಸಂಸ್ಥೆ ಬೆಂಗಳೂರಿನಿಂದ ಕೆಲವು ಗಂಟೆಗಳ ದಾರಿಯಲ್ಲಿರುವ 75 ಹಳ್ಳಿಗಳಿಗೆ ಹೋಗಬೇಕೆಂದಿತ್ತು. ಅದು ಕಾಲಿಡುವ ಮೊದಲೇ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಅರುಣ್ ಚಂದ್ರಶೇಖರ್, ಮ್ಯಾಥ್ಯೂ ಜಾಕ್ಸನ್ ಎಂಬ ಅರ್ಥಶಾಸ್ತ್ರಜ್ಞರ ತಂಡ ಅಲ್ಲಿ ಸಮೀಕ್ಷೆ ಮಾಡಿಸಿತು. (ಬ್ಯಾನರ್ಜಿ ಮತ್ತು ಡುಫ್ಲೊ ಅವರಿಗೆ 2019ರಲ್ಲಿ ಮೈಕಲ್ ಕ್ರೆಮರ್ ಜೊತೆ ನೊಬೆಲ್ ಬಂತು.) ಪ್ರಶ್ನೆಗಳು ಎರಡು ಬಗೆಯವು. ಒಂದು ಬಗೆ ಎಲ್ಲ ಸಮೀಕ್ಷೆಯಲ್ಲೂ ಇರುವಂಥದ್ದು: ಚಾವಣಿ ಹುಲ್ಲಿನದೋ, ಹೆಂಚಿನದೋ, ಶೀಟಿನದೋ, ಆರ್‌ಸಿಸಿಯೋ; ಕೋಣೆ ಎಷ್ಟು; ಕರೆಂಟು ಇದೆಯೇ, ಕಕ್ಕಸು ಇದೆಯೇ. ಇನ್ನೊಂದು ಬಗೆ ಯಾವ ಸರ್ಕಾರಿ ಗಣತಿಯಲ್ಲೂ ಬಾರದ್ದು. ತಟ್ಟನೆ 50 ರೂಪಾಯಿ ಬೇಕಾದರೆ ಯಾರನ್ನು ಕೇಳುತ್ತೀರಿ? ಸೀಮೆಎಣ್ಣೆಯೋ ಅಕ್ಕಿಯೋ ಮುಗಿದರೆ ಯಾರ ಮನೆಗೆ ಹೋಗುತ್ತೀರಿ? ನಿಮ್ಮ ಮನೆಗೆ ಯಾರು ಬರುತ್ತಾರೆ? ಮನೆಯಲ್ಲಿ ಒಬ್ಬರೇ ಇದ್ದಾಗ ಮೈ ಹುಷಾರು ತಪ್ಪಿದರೆ ಆಸ್ಪತ್ರೆಗೆ ಕರೆದೊಯ್ಯಲು ಯಾರನ್ನು ಕರೆಯುತ್ತೀರಿ? ದೇವಸ್ಥಾನಕ್ಕೋ ಮಸೀದಿಗೋ ಚರ್ಚಿಗೋ ಯಾರ ಜೊತೆ ಹೋಗುತ್ತೀರಿ? ಹೀಗೆ ಹನ್ನೆರಡು ಬಗೆಯ ಒಡನಾಟ. ಒಂದೊಂದಕ್ಕೂ ಪ್ರತ್ಯೇಕ ಚೌಕ.

ಮನೆಗಳನ್ನು ಚುಕ್ಕಿಗಳಾಗಿ, ಒಡನಾಟಗಳನ್ನು ಗೆರೆಗಳಾಗಿ ಬರೆದರೆ ಆಗುವುದೇ ಗಣಿತದವರು ಹೇಳುವ ಗ್ರಾಫ್. ಮನೆಯ ಗುಣ ಚುಕ್ಕಿಯಲ್ಲಿದೆ. ಊರಿನ ಗುಣ ಗೆರೆಗಳಲ್ಲಿದೆ. ಬ್ಯಾಂಕು, ವಿಮೆ, ಪಡಿತರ, ಪರೀಕ್ಷೆ, ನಮ್ಮ ಬಹುಪಾಲು ಲೆಕ್ಕಗಳು ಒಬ್ಬೊಬ್ಬರನ್ನು ಒಂದೊಂದು ಸಾಲಿನಲ್ಲಿ ನಿಲ್ಲಿಸುತ್ತವೆ. ಎರಡು ಸಾಲುಗಳ ನಡುವೆ ಏನಿದೆ ಎಂದು ಅವು ಕೇಳುವುದಿಲ್ಲ. ಇಷ್ಟು ವರ್ಷ ಪಾಠ ಮಾಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇದೇ: ಜನರ ಬಗ್ಗೆ ಬಹುಮುಖ್ಯ ಸಂಗತಿಗಳು ಆ ನಡುವಿನ ಜಾಗದಲ್ಲಿಯೇ ಇರುತ್ತವೆ.

ಮುಂದೆ ಆದದ್ದನ್ನು ನೋಡಿ. ಸಾಲದ ಸಂಸ್ಥೆ 2007ರಿಂದ ಒಂದೊಂದೇ ಹಳ್ಳಿಗೆ ಹೋಯಿತು; 43 ಹಳ್ಳಿ ಮುಟ್ಟಿತು, 32 ಹಾಗೇ ಉಳಿದವು. ಹೋದಲ್ಲೆಲ್ಲ ಅದರ ಕ್ರಮ ಒಂದೇ. ಶಾಲೆಯ ಮೇಷ್ಟ್ರು, ಅಂಗಡಿಯವರು, ಸ್ವಸಹಾಯ ಸಂಘದ ಮುಂದಾಳು, ಇಂಥವರನ್ನು ಮೊದಲು ಕಂಡು, ‘ಹೆಂಗಸರಿಗೆ ಸಾಲ ಸಿಗುತ್ತದೆ, ಊರಲ್ಲಿ ಹೇಳಿ’ ಎನ್ನುವುದು. ಪ್ರಚಾರವೆಲ್ಲ ಬಾಯಿಂದ ಬಾಯಿಗೆ. ಒಂದೇ ಸಂಸ್ಥೆ, ಒಂದೇ ಬಡ್ಡಿ, ಒಂದೇ ಕ್ರಮ. ಆದರೂ ಕೆಲವು ಊರಲ್ಲಿ ಬೆರಳೆಣಿಕೆಯಷ್ಟು ಮನೆಯವರು ಸೇರಿದರು, ಕೆಲವು ಊರಲ್ಲಿ ಹತ್ತಕ್ಕೆ ನಾಲ್ಕು ಮನೆಯವರು.

ಮೊದಲು ಸುದ್ದಿ ಪಡೆದವರಿಗೆ ಎಷ್ಟು ಜನ ಪರಿಚಯ ಎಂಬುದು ಈ ವ್ಯತ್ಯಾಸಕ್ಕೆ ಕಾರಣವಾಗಿರಲಿಲ್ಲ. ಅವರ ಪರಿಚಯದವರಿಗೆ ಎಷ್ಟು ಜನ ಪರಿಚಯ, ಆ ಪರಿಚಯದವರಿಗೆ ಮತ್ತೆಷ್ಟು, ಎಂಬ ಆಳದ ಲೆಕ್ಕ ಹಾಕಿದಾಗ ಮಾತ್ರ ಉತ್ತರ ಕಂಡಿತು. ಇದನ್ನು ಐಗನ್‌ವೆಕ್ಟರ್ ಕೇಂದ್ರೀಯತೆ ಎನ್ನುತ್ತಾರೆ. ಹೆಸರು ಭಾರ, ಲೆಕ್ಕ ಬಹಳ ಹಗುರ. ನಾನು ಎಂಟು ಮನೆಗಳನ್ನು ಬೋರ್ಡಿನ ಮೇಲೆ ಬರೆದು ಮಾಡಿಸುತ್ತೇನೆ. ನೀವೂ ಒಂದು ಕಾಗದ ತೆಗೆದುಕೊಳ್ಳಿ.

ಅಂಗಡಿಮನೆಗೆ ನಾಲ್ಕು ಗೆರೆ ಎಳೆಯಿರಿ. ಅದರಲ್ಲಿ ಮೂರು ಬೇರೆ ಯಾರ ಗೊಡವೆಗೂ ಹೋಗದ ಒಂಟಿ ಮನೆಗಳಿಗೆ. ನಾಲ್ಕನೆಯದು ಗೌಡರ ಮನೆಗೆ. ಇನ್ನೊಂದು ಕಡೆ ಸೂಲಗಿತ್ತಿಯ ಮನೆ. ಅವರಿಗೆ ಮೂರೇ ಗೆರೆ: ಗೌಡರ ಮನೆ, ಮತ್ತಿನ್ನೆರಡು ಮನೆ. ಆದರೆ ಆ ಮೂರು ಮನೆಗಳಿಗೂ ತಮ್ಮತಮ್ಮಲ್ಲಿ ಹೋಗಿಬರುವುದಿದೆ. ಅವನ್ನೂ ಗೆರೆಯಿಂದ ಸೇರಿಸಿ. ಈಗ ಎಲ್ಲ ಮನೆಗೂ 1 ಅಂಕ ಕೊಟ್ಟು ಶುರುಮಾಡಿ. ಪ್ರತಿ ಸುತ್ತಿನಲ್ಲೂ ಒಂದು ಮನೆಯ ಹೊಸ ಅಂಕ ಎಂದರೆ ಅದಕ್ಕೆ ಗೆರೆ ಇರುವ ಮನೆಗಳ ಹಿಂದಿನ ಸುತ್ತಿನ ಅಂಕಗಳ ಮೊತ್ತ. ಮೊದಲ ಸುತ್ತಿಗೆ ಅಂಗಡಿಮನೆ 4, ಸೂಲಗಿತ್ತಿ ಮನೆ 3. ಎರಡನೇ ಸುತ್ತಿಗೇ ಲೆಕ್ಕ ತಿರುಗುತ್ತದೆ: 7 ಮತ್ತು 10. ಮೂರನೆಯದು 25 ಮತ್ತು 33. ನಾಲ್ಕನೆಯದಕ್ಕೆ 58 ಮತ್ತು 103. ಸೂಲಗಿತ್ತಿಯ ಕಿವಿಗೆ ಹಾಕಿದ ಮಾತು ಊರಿಗೆ ಹರಡುವ ಬಲ ಹೆಚ್ಚು ಎಂದು ಈ ಕೂಡುವ ಲೆಕ್ಕವೊಂದೇ ಹೇಳುತ್ತದೆ. ಯಾರ ಮಾತು ಎಷ್ಟು ತೂಕದ್ದು ಎಂದು ಯಂತ್ರಕ್ಕೆ ನಾವು ಹೇಳಿಕೊಡಲೇ ಇಲ್ಲ.

1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗಿ ಬ್ರಿನ್ ಅಂತರಜಾಲದ ಪುಟಗಳಿಗೆ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಒಂದು ಪುಟಕ್ಕೆ ಎಷ್ಟು ಕೊಂಡಿ ಬಂದಿದೆ ಎಂದಷ್ಟೇ ಅಲ್ಲ, ಆ ಕೊಂಡಿ ಕೊಟ್ಟ ಪುಟಗಳಿಗೆ ಎಷ್ಟು ಮಾನ್ಯತೆ ಇದೆ ಎಂದೂ ನೋಡಿದರು. ಪೇಜ್‌ರ‍್ಯಾಂಕ್ ಎಂಬ ಆ ಲೆಕ್ಕದ ಮೇಲೆ ಗೂಗಲ್ ನಿಂತಿತು.

ಹಳ್ಳಿಗಳ ಅಧ್ಯಯನ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ ನನಗೆ ಹೆಚ್ಚು ಇಷ್ಟವಾದ ಭಾಗ ಬೇರೆ ಇದೆ. ಸಾಲ ಪಡೆದವರು ಸುದ್ದಿಯನ್ನು ಇನ್ನೊಬ್ಬರಿಗೆ ಹೇಳುವ ಸಂಭವ, ಸಾಲ ಪಡೆಯದವರು ಹೇಳುವುದಕ್ಕಿಂತ ಏಳು ಪಟ್ಟು ಎಂದು ಅಂದಾಜಾಯಿತು. ಅದು ಸಹಜ. ಆದರೆ ಸಾಲ ಪಡೆಯದವರು ಊರಲ್ಲಿ ಬಹಳ ಮಂದಿ; ಹಾಗಾಗಿ ಒಟ್ಟು ಸೇರ್ಪಡೆಯಲ್ಲಿ ಸುಮಾರು ಮೂರನೇ ಒಂದು ಭಾಗ ಅವರ ಬಾಯಿಂದಲೇ ಆದದ್ದು. ತನಗೆ ಬೇಡದ ವಿಷಯವನ್ನೂ ‘ನಿಂಗೆ ಬೇಕಾಗ್ಬೋದು ಕಣಕ್ಕ, ವಿಚಾರಿಸು’ ಎಂದು ಪಕ್ಕದ ಮನೆಗೆ ದಾಟಿಸುವ ಹೆಂಗಸರು ನಮ್ಮ ಪ್ರತಿ ಬೀದಿಯಲ್ಲೂ ಇದ್ದಾರೆ. ಯಾವ ಯೋಜನೆಯ ಫಲಾನುಭವಿ ಪಟ್ಟಿಯಲ್ಲೂ ಅವರು ಇರುವುದಿಲ್ಲ. ಇನ್ನೊಂದು ಸಂಗತಿಯೂ ಅಲ್ಲಿದೆ. ವಿಷಯ ಗೊತ್ತಾದ ಮೇಲೆ, ಗೆಳತಿ ಸೇರಿದಳು ಎಂಬ ಕಾರಣಕ್ಕೇ ತಾನೂ ಸೇರಿದವರು ಹೆಚ್ಚಿರಲಿಲ್ಲ. ಸುದ್ದಿ ಮನೆ ಬಾಗಿಲಿಗೆ ಬಂತು, ನಿರ್ಧಾರ ಮನೆಯೊಳಗೆ ಆಯಿತು. ಹಳ್ಳಿಯವರು ಒಬ್ಬರ ಹಿಂದೆ ಒಬ್ಬರು ಕುರಿಯಂತೆ ಹೋಗುತ್ತಾರೆ ಎನ್ನುವ ಪಟ್ಟಣದ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಇಂಥ ಸಮೀಕ್ಷೆ ದುಬಾರಿ. ಒಂದೊಂದು ಹಳ್ಳಿಯ ಒಂದೊಂದು ಗೆರೆಯನ್ನೂ ಕೇಳಿ ಬರೆಯಲು ತಿಂಗಳುಗಟ್ಟಲೆ ಬೇಕು. ಅದಕ್ಕೇ ಇದೇ ಸಂಶೋಧಕರು ಮುಂದೆ ನೇರವಾದ ಒಂದು ಪ್ರಶ್ನೆ ಹಿಡಿದು ಕರ್ನಾಟಕದ ಹಳ್ಳಿಗಳಿಗೆ ಹೋದರು: ‘ಊರಿಗೆಲ್ಲ ಒಂದು ವಿಷಯ ಮುಟ್ಟಿಸಬೇಕು ಅಂದರೆ ನಾವು ಯಾರಿಗೆ ಹೇಳಬೇಕು?’ ಜನ ಹೇಳಿದ ಹೆಸರುಗಳನ್ನು ಹಳೆಯ ಗ್ರಾಫಿನ ಜೊತೆ ತಾಳೆ ನೋಡಿದರು. ಕಂಪ್ಯೂಟರ್ ಲೆಕ್ಕ ಹಾಕಿ ಯಾರನ್ನು ಕೇಂದ್ರ ಎಂದಿತ್ತೋ ಅಂಥವರನ್ನೇ ಜನ ಹೆಸರಿಸಿದ್ದರು. ಅವರು ಅಧಿಕಾರದಲ್ಲಿದ್ದವರೇ ಆಗಿರಬೇಕಿರಲಿಲ್ಲ, ಬಹಳ ಗೆಳೆಯರಿದ್ದವರೂ ಆಗಿರಬೇಕಿರಲಿಲ್ಲ. ಆಮೇಲೆ ಹರಿಯಾಣದ 521 ಹಳ್ಳಿಗಳಲ್ಲಿ ಮಕ್ಕಳ ಲಸಿಕೆ ಶಿಬಿರದ ಸುದ್ದಿ ಹರಡಲು ಇದನ್ನೇ ಬಳಸಿದರು. ಕೆಲವು ಊರಲ್ಲಿ ಸುಮ್ಮನೆ ಚೀಟಿ ಎತ್ತಿ ಆರಿಸಿದವರಿಗೆ ಸುದ್ದಿ ಕೊಟ್ಟರು, ಕೆಲವು ಊರಲ್ಲಿ ಊರವರೇ ಹೆಸರಿಸಿದವರಿಗೆ. ಹೆಸರಿಸಿದವರಿಗೆ ಕೊಟ್ಟ ಊರುಗಳಲ್ಲಿ ತಿಂಗಳಿಗೆ ಲಸಿಕೆ ಪಡೆದ ಮಕ್ಕಳು ಶೇ. 22ರಷ್ಟು ಹೆಚ್ಚು.

ನನ್ನ ತರಗತಿಯಲ್ಲಿ ಈ ಪ್ರಶ್ನೆ ಕೇಳಿದಾಗ ಒಬ್ಬರೂ ಪಂಚಾಯಿತಿ ಅಧ್ಯಕ್ಷರ ಹೆಸರು ಹೇಳುವುದಿಲ್ಲ. ‘ನಮ್ಮೂರಲ್ಲಿ ಆಶಾ ಅಕ್ಕ, ಮೇಡಂ.’ ‘ನಮ್ಮಲ್ಲಿ ಹೂ ಕಟ್ಟಿ ಮಾರೋ ಅಜ್ಜಿ.’ ‘ಡೇರೀಲಿ ಹಾಲು ಅಳೀತಾರಲ್ಲ, ಅವರು.’ ಒಂದೇ ಊರಿನ ಇಬ್ಬರು ಮಕ್ಕಳಿದ್ದರೆ ಇಬ್ಬರೂ ಅದೇ ಹೆಸರು ಹೇಳಿ ಮುಖ ಮುಖ ನೋಡಿಕೊಳ್ಳುತ್ತಾರೆ. ಆರೋಗ್ಯ ಇಲಾಖೆಯವರು, ಕೃಷಿ ಇಲಾಖೆಯವರು ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿ: ನಿಮ್ಮ ಮುಂದಿನ ಶಿಬಿರದ ಪ್ರಚಾರಕ್ಕೆ ಆಟೋ ಮೈಕಿನ ಜೊತೆ ಈ ಒಂದು ಪ್ರಶ್ನೆಯನ್ನೂ ತೆಗೆದುಕೊಂಡು ಹೋಗಿ.

ಈ ಗ್ರಾಫುಗಳು ಹೇಳುವ ಇನ್ನೊಂದು ವಿಷಯ ನೋವಿನದು. ಒಡನಾಟದ ಚೌಕವನ್ನು ಮಾತ್ರ ಕೊಟ್ಟು, ಬೇರೇನೂ ಹೇಳದೆ, ‘ಇದರಲ್ಲಿ ಹೆಚ್ಚು ಹತ್ತಿರದವರ ಗುಂಪು ಮಾಡು’ ಎಂದು ಕಂಪ್ಯೂಟರಿಗೆ ಕೇಳಬಹುದು. ಒಳಗೆ ದಟ್ಟವಾದ ಗೆರೆ, ನಡುವೆ ತೆಳುವಾದ ಗೆರೆ ಇರುವ ಜಾಗ ಹುಡುಕಿ ಅದು ಊರನ್ನು ಬಿಡಿಸಿ ತೋರಿಸುತ್ತದೆ. ಆಮೇಲೆ ಮನೆಗಳಿಗೆ ಜಾತಿಯ ಬಣ್ಣ ಹಚ್ಚಿದರೆ, ಅಕ್ಕಿ ಸೀಮೆಎಣ್ಣೆಯ ಗೆರೆಗಳಲ್ಲಿ ಪರಿಶಿಷ್ಟರ ಮನೆಗಳು ಒಂದು ಕಡೆ, ಉಳಿದವರು ಇನ್ನೊಂದು ಕಡೆ ಎದ್ದು ಕಾಣುತ್ತಾರೆ. ಯಂತ್ರಕ್ಕೆ ಜಾತಿ ಗೊತ್ತಿರಲಿಲ್ಲ. ಯಾರು ಯಾರ ಮನೆಯಿಂದ ಒಂದು ಪಾವು ಅಕ್ಕಿ ಕಡ ತರುತ್ತಾರೆ ಎಂಬುದಷ್ಟೇ ಅದಕ್ಕೆ ಗೊತ್ತಿತ್ತು. ಜಾತಿಯ ಕಾಲಂ ಅಳಿಸಿಹಾಕಿದ್ದೇವೆ, ಇನ್ನು ನಮ್ಮ ಲೆಕ್ಕದಲ್ಲಿ ತಾರತಮ್ಯ ಇಲ್ಲ ಎಂದು ಕಂಪನಿಗಳು ಹೇಳುವಾಗ ನಾನು ನಂಬುವುದಿಲ್ಲ. ಕಾಲಂ ಅಳಿಸಬಹುದು, ಗೆರೆಗಳಲ್ಲಿ ಅದು ಉಳಿದೇ ಇರುತ್ತದೆ.

ಇಲ್ಲಿಂದ ಮುಂದಿನದು ಈಗಿನ ಯಂತ್ರಕಲಿಕೆಯ ಹೊಸ ವಿದ್ಯೆ, ಗ್ರಾಫ್ ನ್ಯೂರಲ್ ನೆಟ್‌ವರ್ಕ್. ಎಂಟು ಮನೆಯ ಲೆಕ್ಕವನ್ನು ನೀವು ಮಾಡಿದ್ದರೆ ಅದರ ಅರ್ಧ ನಿಮಗೆ ಆಗಲೇ ಗೊತ್ತಾಗಿದೆ. ಅಲ್ಲಿ ಪ್ರತಿ ಮನೆಗೂ ಒಂದೇ ಅಂಕ ಇತ್ತು. ಇಲ್ಲಿ ಒಂದು ಪಟ್ಟಿ ಇರುತ್ತದೆ: ಚಾವಣಿ, ಕೋಣೆ, ಕರೆಂಟು ಇತ್ಯಾದಿ. ಪ್ರತಿ ಸುತ್ತಿನಲ್ಲೂ ಮನೆಯು ನೆರೆಮನೆಗಳ ಪಟ್ಟಿಗಳನ್ನು ತರಿಸಿಕೊಂಡು, ಸರಾಸರಿ ಮಾಡಿ, ತನ್ನ ಪಟ್ಟಿಯ ಜೊತೆ ಬೆರೆಸಿ ಹೊಸ ಪಟ್ಟಿ ಮಾಡಿಕೊಳ್ಳುತ್ತದೆ. ಎಷ್ಟು ಪಾಲು ತನ್ನದು, ಎಷ್ಟು ನೆರೆಯವರದು, ಯಾವ ಗುಣಕ್ಕೆ ಎಷ್ಟು ತೂಕ ಎಂಬುದನ್ನು ನಾವು ಹೇಳುವುದಿಲ್ಲ. ಕೆಲವು ಮನೆಗಳ ಸರಿಯುತ್ತರ ಮೊದಲೇ ಕೊಟ್ಟಿರುತ್ತೇವೆ. ಊಹೆ ತಪ್ಪಾದಾಗಲೆಲ್ಲ ಯಂತ್ರ ಆ ತೂಕಗಳನ್ನು ಚೂರು ಚೂರೇ ತಿದ್ದಿಕೊಳ್ಳುತ್ತದೆ. ಕಲಿಕೆ ಎಂದರೆ ಆ ತಿದ್ದುವಿಕೆ, ಬೇರೇನಲ್ಲ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಥಾಮಸ್ ಕಿಪ್ಫ್ ಮತ್ತು ಮ್ಯಾಕ್ಸ್ ವೆಲ್ಲಿಂಗ್ ಇದರ ಸರಳ ರೂಪವನ್ನು 2017ರ ಸಮ್ಮೇಳನವೊಂದರಲ್ಲಿ ಮಂಡಿಸಿದ ಮೇಲೆ ಈ ವಿದ್ಯೆ ಬಿರುಸಾಗಿ ಹಬ್ಬಿತು. ಎರಡು ಮೂರು ಸುತ್ತೇ ಸಾಕಾಗುತ್ತದೆ. ಹೆಚ್ಚು ಸುತ್ತು ಹಾಕಿಸಿದರೆ ಎಲ್ಲ ಮನೆಗಳ ಪಟ್ಟಿಯೂ ಒಂದೇ ಥರ ಆಗಿ ಯಾರು ಯಾರೆಂದೇ ತಿಳಿಯದೆ ಹೋಗುತ್ತದೆ. ಇನ್ನೂರು ಚಿಲ್ಲರೆ ಮನೆಯ ಊರಿನಲ್ಲಿ ಮೂರು ಹೆಜ್ಜೆ ಇಟ್ಟರೆ ಹೆಚ್ಚುಕಡಿಮೆ ಎಲ್ಲರ ಮನೆಯೂ ಬಂದಿರುತ್ತದಲ್ಲ.

ಚುಕ್ಕಿ ಮನೆಯೇ ಆಗಬೇಕಿಲ್ಲ. ರಸ್ತೆಯ ತುಂಡುಗಳನ್ನು ಚುಕ್ಕಿ ಮಾಡಿ, ಮುಂದಿನ ತುಂಡಿನ ದಟ್ಟಣೆ ಹಿಂದಿನದಕ್ಕೆ ಹೇಗೆ ತಟ್ಟುತ್ತದೆ ಎಂದು ಕಲಿಸಿ, ಗೂಗಲ್ ಮ್ಯಾಪ್ಸ್ ತಲುಪುವ ಹೊತ್ತಿನ ಅಂದಾಜನ್ನು ಸುಧಾರಿಸಿಕೊಂಡಿತು. ತೆಲಂಗಾಣದ ವಾಣಿಜ್ಯ ತೆರಿಗೆಯ ಲೆಕ್ಕಗಳಲ್ಲಿ ಸರಕು ಸಾಗಿಸದೆ ಬಿಲ್ಲು ಮಾತ್ರ ಸುತ್ತಾಡಿಸುವ ವರ್ತಕರ ಸರಪಳಿಗಳನ್ನು ಹೈದರಾಬಾದಿನ ಐಐಟಿಯವರು ಗ್ರಾಫ್ ಮೂಲಕ ಹುಡುಕಿದ್ದಾರೆ. ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ಔಷಧದ ಉದಾಹರಣೆ. ಅಣುವೂ ಒಂದು ಗ್ರಾಫೇ: ಪರಮಾಣು ಚುಕ್ಕಿ, ಬಂಧ ಗೆರೆ. 2020ರಲ್ಲಿ ಅಮೆರಿಕದ ಎಂಐಟಿಯ ಜೇಮ್ಸ್ ಕಾಲಿನ್ಸ್ ತಂಡ, ಇ. ಕೋಲೈ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ಯಾವ ಅಣು ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಎಂದು ಸುಮಾರು 2,500 ಅಣುಗಳಿಂದ ಯಂತ್ರಕ್ಕೆ ಕಲಿಸಿತು. ಆಮೇಲೆ ಸುಮಾರು 6,000 ಸಂಯುಕ್ತಗಳ ಭಂಡಾರವನ್ನು ಅದರ ಮುಂದಿಟ್ಟಿತು. ಯಂತ್ರ ಎತ್ತಿ ತೋರಿಸಿದ್ದು ಹಿಂದೆ ಸಕ್ಕರೆ ಕಾಯಿಲೆಗೆಂದು ಪರಿಶೀಲಿಸಿದ್ದ ಒಂದು ಅಣುವನ್ನು. ಪ್ರಯೋಗಾಲಯದಲ್ಲಿಯೂ ಇಲಿಗಳಲ್ಲಿಯೂ ಅದು, ಹಲವು ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಕೊಂದಿತು. ಅದಕ್ಕೆ ಹ್ಯಾಲಿಸಿನ್ ಎಂದು ಹೆಸರಿಟ್ಟರು. ಮನುಷ್ಯರಿಗೆ ಕೊಡುವ ಔಷಧವಾಗಲು ಇನ್ನೂ ಬಹಳ ಹಂತಗಳು ಬೇಕು. ಆದರೂ ರಸಾಯನವಿಜ್ಞಾನಿಗಳ ಕಣ್ಣಿಗೆ ಬೀಳದೆ ಕೂತಿದ್ದ ಅಣುವನ್ನು ಅದರ ಒಳಗಿನ ಗೆರೆಗಳಿಂದ ಗುರುತು ಹಿಡಿದದ್ದು ಸಣ್ಣ ಮಾತಲ್ಲ.

ಮತ್ತೆ ಹಳ್ಳಿಗೆ ಬರುತ್ತೇನೆ, ಅಲ್ಲಿ ಹೇಳಬೇಕಾದ್ದು ಉಳಿದಿದೆ. 2012ರಲ್ಲಿ ಸಂಶೋಧಕರು ಅದೇ 75 ಹಳ್ಳಿಗಳಲ್ಲಿ ಒಡನಾಟಗಳನ್ನು ಇನ್ನೊಮ್ಮೆ ಬರೆದುಕೊಂಡರು. ಕಿರುಸಾಲ ಬಂದಿದ್ದ 43 ಹಳ್ಳಿಗಳಲ್ಲಿ, ಬಾರದ 32ಕ್ಕೆ ಹೋಲಿಸಿದರೆ, ಗೆರೆಗಳು ಹೆಚ್ಚು ಪ್ರಮಾಣದಲ್ಲಿ ಕುಗ್ಗಿದ್ದವು. ಸಾಲ ಪಡೆದವರಿಗೆ ನೆರೆಯವರ ಬಳಿ ಕೈಗಡ ಕೇಳುವ ಅಗತ್ಯ ತಗ್ಗಿತು ಎಂದರೆ ಅರ್ಥವಾಗುತ್ತದೆ. ಆದರೆ ಸಾಲದ ಗೊಡವೆಗೇ ಹೋಗದಂಥ ಮನೆಗಳ ನಡುವಿನ ಗೆರೆಗಳೂ ಕನಿಷ್ಠ ಅಷ್ಟೇ ಕಡಿಮೆಯಾಗಿದ್ದವು. ಒಬ್ಬರು ಜಗಲಿಗೆ ಬರುವುದು ನಿಂತರೆ, ಅವರಿದ್ದಾರೆಂದು ಬರುತ್ತಿದ್ದ ಇನ್ನಿಬ್ಬರ ಭೇಟಿಯೂ ನಿಲ್ಲುತ್ತದೆ. ಯೋಜನೆಯ ಲಾಭನಷ್ಟವನ್ನು ಫಲಾನುಭವಿಗಳಲ್ಲಿ ಮಾತ್ರ ಅಳೆದಿದ್ದರೆ ಈ ನಷ್ಟ ಯಾರ ಲೆಕ್ಕಕ್ಕೂ ಸಿಗುತ್ತಿರಲಿಲ್ಲ. ಕಿರುಸಾಲದ ವಸೂಲಿ ಕಿರುಕುಳಕ್ಕೆ ಜನ ಊರು ಬಿಟ್ಟ ಸುದ್ದಿಗಳು ಬಂದು, 2025ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಹತ್ತು ವರ್ಷದವರೆಗೆ ಜೈಲು ವಿಧಿಸಬಹುದಾದ ಸುಗ್ರೀವಾಜ್ಞೆ ತರಬೇಕಾಯಿತು. ಸಾಲದ ಮಾತಾಡುವಾಗ ಬಡ್ಡಿಯ ಜೊತೆಗೆ ಈ ಗೆರೆಗಳ ಲೆಕ್ಕವನ್ನೂ ಕೇಳಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ.

ಹೆಸರಿಲ್ಲದ ಆ ಚೌಕಗಳಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಊರಿನ ಎಲ್ಲರನ್ನೂ ವಿವರವಾಗಿ ಪ್ರಶ್ನಿಸಿರಲಿಲ್ಲ; ಸುಮಾರು ಅರ್ಧದಷ್ಟು ಮನೆಗಳಲ್ಲಿ ಮಾತ್ರ ಒಡನಾಟದ ಪ್ರಶ್ನೆಗಳನ್ನು ಕೇಳಿದ್ದು. ಆದರೂ ಉಳಿದರ್ಧ ಮನೆಗಳೂ ಗ್ರಾಫಿನಲ್ಲಿ ಇವೆ, ಯಾಕೆಂದರೆ ಉತ್ತರ ಕೊಟ್ಟವರು ಅವರ ಹೆಸರು ಹೇಳಿದ್ದಾರೆ. ತರಗತಿಯಲ್ಲಿ ನಾವು ಕೆಲವು ಮನೆಗಳ ಕಕ್ಕಸಿನ ಮಾಹಿತಿಯನ್ನು ಮುಚ್ಚಿಟ್ಟು, ನೆರೆಯವರಿಂದ ಊಹಿಸಲು ಯಂತ್ರಕ್ಕೆ ಹೇಳುತ್ತೇವೆ. ಎಷ್ಟೋ ಸಲ ಅದು ಸರಿಯಾಗಿ ಹೇಳುತ್ತದೆ. ಆಗ ಒಂದು ಹುಡುಗಿ ಕೇಳಿದಳು: ‘ಆ ಮನೆಯವರು ನಮಗೆ ಹೇಳೇ ಇಲ್ಲವಲ್ಲ ಮೇಡಂ, ನಾವು ಹೇಗೆ ತಿಳಕೊಂಡ್ವಿ?’ ತರಗತಿಯಲ್ಲಿ ಆ ವರ್ಷ ಬಂದ ಅತ್ಯುತ್ತಮ ಪ್ರಶ್ನೆ ಅದು. ಗೆರೆಗೆ ಇಬ್ಬರು ಒಡೆಯರು. ಒಬ್ಬರು ಒಪ್ಪಿ ಕೊಟ್ಟರೂ ಇನ್ನೊಬ್ಬರನ್ನು ಕೇಳದೆ ಕೊಟ್ಟ ಹಾಗೇ.

ಸಂಶೋಧಕರು ಹೆಸರು ಅಳಿಸಿ, ಊರು ಅಳಿಸಿ ಪ್ರಕಟಿಸಿದರು. ನಿಮ್ಮ ಫೋನಿಗೆ ಬರುವ ಸಾಲದ ಆ್ಯಪ್ ಹಾಗಲ್ಲ. ಅದು ‘ಕಾಂಟ್ಯಾಕ್ಟ್ಸ್ ನೋಡಲು ಅನುಮತಿ ಕೊಡಿ’ ಎಂದಾಗ ಕೇಳುವುದು ನಿಮ್ಮ ಚೌಕದ ಇಡೀ ಒಂದು ಸಾಲನ್ನು: ಅತ್ತಿಗೆ, ಮೇಷ್ಟ್ರು, ಹಾಲಿನವರು, ಮಗಳ ಗೆಳತಿ, ಎಲ್ಲರ ಹೆಸರು ಮತ್ತು ನಂಬರ್ ಸಮೇತ. ಕಂತು ತಪ್ಪಿದಾಗ ಕರೆ ಹೋಗುವುದು ಅವರಿಗೆ. ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ನಿಯಮಗಳ ಪ್ರಕಾರ ಸಾಲದ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ಸ್ ಪಟ್ಟಿ, ಕರೆಗಳ ದಾಖಲೆ, ಫೋಟೋ ಮತ್ತು ಫೈಲುಗಳನ್ನು ಮುಟ್ಟುವ ಹಾಗಿಲ್ಲ. ಕೇಳಿದರೆ ಕೊಡಬೇಡಿ, ಆ ಆ್ಯಪ್ ತೆಗೆದುಹಾಕಿ. ಅಕ್ರಮವಾಗಿ ಸಾಲ ಕೊಡುವವರ ಮೇಲೆ ರಿಸರ್ವ್ ಬ್ಯಾಂಕಿನ ಸಚೇತ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಫೋನಿನಲ್ಲಿ ಹಣದ ಮೋಸವಾಗಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930.